ಭಾವ ತಂದ ಕಾಲು ಕೆಜಿ

ತುಮಕೂರು, 9 ಫೆಬ್ರವರಿ 2025, ಭಾನುವಾರ

ಬೆಂಗಳೂರಿಗೆ ಹೊರಟಿದ್ದ ಭಾವ ನಿನ್ನೆ ಸಂಜೆ ಕಡೂರಿನಲ್ಲಿ ರೈಲು ಹತ್ತಿ ನಮ್ಮಲ್ಲಿ ಇಳಿದರು. ಈ ಸಲ ಬಾಳೆಗೊನೆಯಿಲ್ಲ, ಜೇನಿಲ್ಲ. ಕಾಲು ಕೆಜಿ ಕಾಫಿ ಬೀಜದ ಕಂದು ಪೊಟ್ಟಣ. ಮೇಲೆ ಊರಿನ ಹೆಸರು, ಕೆಳಗೆ ಅವರದೇ ಹೆಸರು, ತಳಿ ಎಸ್ 795. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ಹಳೆಯ ಅರೇಬಿಕಾ ಅದು. ಮದುವೆಯ ಕರೆಯೋಲೆ ಬಿಟ್ಟರೆ ತಮ್ಮ ಹೆಸರು ಅಚ್ಚಾದದ್ದು ಇದೇ ಮೊದಲು ಎಂದು ನಕ್ಕರು.

ಆಲ್ದೂರಿನ ಕಡೆ ಅವರಿಗೆ ನಾಲ್ಕು ಎಕರೆ ತೋಟ. ಇಷ್ಟು ವರ್ಷ ಹಣ್ಣನ್ನು ಕಣದಲ್ಲಿ ಒಣಗಿಸಿ, 50 ಕೆಜಿ ಚೀಲದ ಲೆಕ್ಕದಲ್ಲಿ ವ್ಯಾಪಾರಿಗೆ ಹಾಕುತ್ತಿದ್ದರು. ಲಾರಿ ಹತ್ತಿದ ಮೇಲೆ ಯಾರ ತೋಟದ ಬೀಜ ಯಾವುದೆಂದು ಬ್ರಹ್ಮನಿಗೂ ತಿಳಿಯದು. ಕಳೆದ ಸುಗ್ಗಿಯಲ್ಲಿ ಮಾತ್ರ ಬೆಂಗಳೂರಿನ ಹುರಿಯುವವರೊಬ್ಬರು ಇವರ ಆರು ಚೀಲವನ್ನು ಬೇರೆಯಾಗಿಯೇ ಕೊಂಡರು. ಬೆಲೆ ಹೆಚ್ಚೇ ಎಂದು ಕೇಳಿದೆ. "ಹೆಚ್ಚು. ಕೆಲಸ ಅದಕ್ಕಿಂತ ಹೆಚ್ಚು" ಎಂದರು.

ಅರೇಬಿಕಾ ಹಣ್ಣು ಒಟ್ಟಿಗೆ ಮಾಗುವುದಿಲ್ಲ. ಕೆಂಪಾದದ್ದನ್ನಷ್ಟೇ ಬಿಡಿಸಬೇಕೆಂದರೆ ಒಂದೇ ಗಿಡಕ್ಕೆ ಮೂರು ಸಲ ಆಳು ಬೇಕು. ಬಿಡಿಸಿದ್ದನ್ನು ರಾತ್ರಿಯಿಡೀ ಚೀಲದಲ್ಲಿ ಬಿಟ್ಟರೆ ಬಿಸಿಯೇರಿ ಹುಳಿಯುತ್ತದೆ. ನೀರಿಗೆ ಹಾಕಿ, ತೇಲಿದ್ದನ್ನು ತೆಗೆದು, ಸೊಂಟದೆತ್ತರಕ್ಕೆ ಕಟ್ಟಿದ ಬಲೆಯ ಮೇಲೆ ತೆಳುವಾಗಿ ಹರಡಿ, ಹಗಲೆಲ್ಲ ಕೈಯಾಡಿಸಿ, ಇಬ್ಬನಿ ಬೀಳುವ ಮೊದಲು ಟಾರ್ಪಾಲು ಮುಚ್ಚಬೇಕು. ಹೀಗೆ ಮೂರು ವಾರ. ಒಣಗಿದ ಹಣ್ಣನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಫೋನಿನಲ್ಲಿ ಅಕ್ಕ ಹೇಳಿದ್ದೇ ಬೇರೆ: "ಮಗುವಿಗೂ ಇಷ್ಟು ಸಲ ಹೊದಿಸಿದವರಲ್ಲ ಇವರು."

ಪೊಟ್ಟಣದ ಮೇಲೆ ಕಿತ್ತಳೆ, ಬೆಲ್ಲ, ಒಣದ್ರಾಕ್ಷಿ ಎಂದು ರುಚಿಯ ಪಟ್ಟಿಯೂ ಇತ್ತು. ಇಂಥವನ್ನು ನಾನು ನಂಬುವುದಿಲ್ಲ. ಬೆಳಿಗ್ಗೆ ಒಂದು ಹಿಡಿ ಬೀಜವನ್ನು ಮಿಕ್ಸಿಯಲ್ಲಿ ತಡೆತಡೆದು ತರಿಯಾಗಿ ಪುಡಿ ಮಾಡಿ, ಫಿಲ್ಟರಿಗೆ ಹಾಕಿ, ನೆನೆಯುವಷ್ಟೇ ಬಿಸಿನೀರು ಬಿಟ್ಟೆ. ಪುಡಿ ಹುದುಗಿದ ಹಿಟ್ಟಿನಂತೆ ಉಬ್ಬಿ ಗುಳ್ಳೆಯೆದ್ದಿತು. ಹೊಸದಾಗಿ ಹುರಿದ ಬೀಜದಲ್ಲಿ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಹೀಗೆ ಹೊರಬೀಳುತ್ತದೆ. ಅಂಗಡಿಯಲ್ಲಿ ಕೂತ ಪುಡಿ ಹೀಗೆ ಏಳುವುದಿಲ್ಲ. ಇಳಿದ ಡಿಕಾಕ್ಷನ್ ಕಪ್ಪಲ್ಲ, ಜೋನಿಬೆಲ್ಲದ ಬಣ್ಣ. ಹಾಲು ಹಾಕದೆ ಕುಡಿದೆ. ಕಿತ್ತಳೆ ಸಿಗಲಿಲ್ಲ. ಲೋಟದ ತಳದಲ್ಲಿ ಆರಿದ ಕೊನೆಯ ಗುಟುಕಿನಲ್ಲಿ ಮಾತ್ರ ಹಲಸಿನ ತೊಳೆಯ ವಾಸನೆ ಸ್ಪಷ್ಟವಾಗಿತ್ತು. ಪಟ್ಟಿ ಬರೆದವರು ಹಲಸು ತಿಂದವರಲ್ಲವೇನೋ.

ಅಮ್ಮನದು ಮಂಡಿಪೇಟೆಯಿಂದ ತರಿಸುವ ಪುಡಿ, 80ಕ್ಕೆ 20 ಚಿಕೋರಿ. ಬ್ರೆಜಿಲಿನಲ್ಲಿ ಬರ ಬಂದು ನ್ಯೂಯಾರ್ಕಿನ ಪೇಟೆಯಲ್ಲಿ ಅರೇಬಿಕಾ ದರ ಏರಿ ಇಲ್ಲೂ ಪುಡಿ ತುಟ್ಟಿಯಾದದ್ದಕ್ಕೆ ಅವಳು ಬಯ್ಯುವುದು ಮಂಡಿಪೇಟೆಯ ಅಂಗಡಿಯವನನ್ನು. ಹೊಸ ಡಿಕಾಕ್ಷನ್‌ಗೆ ಹಾಲು ಬೆರೆಸಿ ಒಂದು ಗುಟುಕು ಕುಡಿದವಳು ನನ್ನನ್ನು ಅಡುಗೆಮನೆಗೆ ಕರೆದು, "ಅಳಿಯಂದಿರ ಮುಂದೆ ಹೇಳಬಾರದು, ಇದು ಕಷಾಯ" ಎಂದಳು. ಭಾವನ ಕಿವಿ ಚುರುಕು. "ಅತ್ತೆ, ನನಗೂ ನಿಮ್ಮ ಕಾಫಿಯನ್ನೇ ಕೊಡಿ" ಎಂದು ಹಜಾರದಿಂದಲೇ ಕೂಗಿದರು.

ಮಧ್ಯಾಹ್ನ ಅವರನ್ನು ರೈಲು ಹತ್ತಿಸಿ ಬಂದೆ. ಸಂಜೆಯ ಕಾಫಿ ಎಂದಿಲ್ಲದಷ್ಟು ಘಮಘಮಿಸಿತು. ಕೇಳಿದರೆ, ಉಳಿದ ಬೀಜವನ್ನೆಲ್ಲ ಪುಡಿ ಮಾಡಿ ಹಳೆಯ ಡಬ್ಬಿಗೆ ಸುರಿದು ಕಲಸಿದ್ದಾಳೆ. "ಈಗ ನೋಡು, ಕುಡಿಯುವ ಹಾಗಾಯಿತು." ಪೊಟ್ಟಣ ಗಟ್ಟಿಯಾಗಿದೆಯೆಂದು ಎಸೆದಿರಲಿಲ್ಲ. ಭಾವನ ಹೆಸರು ಹೊತ್ತು ಅದು ಈಗ ಅಟ್ಟಣಿಗೆಯ ಮೇಲೆ ಕೂತಿದೆ, ಒಳಗೆ ಬ್ಯಾಡಗಿ ಮೆಣಸಿನಕಾಯಿ.