ಸೋವಿಯತ್ ರೇಜರ್ ಸಂಗ್ರಹ: ಐದು ತಿಂಗಳು, ಹದಿನಾಲ್ಕು ರೇಜರ್‌ಗಳು

ಅಕ್ಟೋಬರ್ 12

ಜಾರ್ಜಿಯದ ರಾಜಧಾನಿ ಟಿಬಿಲಿಸಿಯ ಒಣಸೇತುವೆಯ ಸಂತೆಯಲ್ಲಿ ಇಂದು ಮೊದಲ ರೇಜರ್ ಕೊಂಡೆ. ಹಿಂದೆ ಮ್ಟ್‌ಕ್ವಾರಿ ನದಿಯ ಕವಲೊಂದು ಈ ಸೇತುವೆಯ ಅಡಿಯಲ್ಲಿ ಹರಿಯುತ್ತಿತ್ತು. ಕವಲು ಬತ್ತಿದ ಮೇಲೂ ಸೇತುವೆ ಉಳಿಯಿತು, ಅದಕ್ಕೆ ಈ ಹೆಸರೂ ಬಂತು. ಸೋವಿಯತ್ ಒಕ್ಕೂಟ ಒಡೆದ ನಂತರದ ಕಷ್ಟದ ವರ್ಷಗಳಲ್ಲಿ ಊರಿನವರು ಮನೆಯಲ್ಲಿದ್ದ ಪಿಂಗಾಣಿ, ಪದಕ, ಕ್ಯಾಮೆರಾಗಳನ್ನು ಇಲ್ಲಿಗೆ ತಂದು ಮಾರತೊಡಗಿದರು, ಆ ಮಾರಾಟವೇ ಕ್ರಮೇಣ ನಿತ್ಯದ ಸಂತೆಯಾಯಿತು. ಕೆಲಸದ ನಿಮಿತ್ತ ಈ ಊರಿಗೆ ಬಂದು ಎರಡು ವರ್ಷವಾದರೂ ನಾನು ಇಲ್ಲಿ ಹಳೆಯ ಅಳತೆಯ ಸಾಧನಗಳನ್ನು ಮಾತ್ರ ಹುಡುಕುತ್ತಿದ್ದೆ. ಇಂದು ಹರಡಿದ್ದ ಕಂಬಳಿಯ ಮೇಲೆ ಮೈಕ್ರೋಮೀಟರಿನ ಪಕ್ಕದಲ್ಲಿ ಒಂದು ಪುಟ್ಟ ಅಲ್ಯೂಮಿನಿಯಂ ಡಬ್ಬಿ ಇತ್ತು. ತೆರೆದರೆ ಮೂರು ಭಾಗಗಳಾಗಿ ಬಿಚ್ಚುವ ಸೇಫ್ಟಿ ರೇಜರ್.

ಅದನ್ನು ಏನೆಂದು ಕರೆಯುತ್ತಾರೆ ಎಂದು ಮಾರುವ ಹಿರಿಯರನ್ನು ಕೇಳಿದೆ. ‘ಸ್ಟಾನೋಕ್’ ಎಂದರು. ರಷ್ಯನ್ ಭಾಷೆಯಲ್ಲಿ ಲೋಹ ಕಡೆಯುವ ಲೇತಿಗೂ ಮಿಲ್ಲಿಂಗ್ ಯಂತ್ರಕ್ಕೂ ಇರುವುದು ಇದೇ ಪದ. ಪೀಣ್ಯದ ಟೂಲ್‌ರೂಮಿನಲ್ಲಿ ಹನ್ನೊಂದು ವರ್ಷ ಕಳೆದ ನನಗೆ ಆ ಹೆಸರು ಕೇಳಿಯೇ ವಸ್ತುವಿನ ಮೇಲೆ ಪ್ರೀತಿ ಹುಟ್ಟಿತು. ಸೇಫ್ಟಿ ರೇಜರಿಗೆ ಆ ಭಾಷೆಯಲ್ಲಿ ‘ಅಪಾಯವಿಲ್ಲದ ಬ್ರಿತ್ವಾ’ ಎಂಬ ಶಾಸ್ತ್ರೀಯ ಹೆಸರೂ ಇದೆ, ನಮ್ಮ ಕ್ಷೌರಿಕರು ಚರ್ಮದ ಪಟ್ಟಿಗೆ ಉಜ್ಜಿ ಹರಿತಗೊಳಿಸುತ್ತಿದ್ದ ಮಡಚುವ ಕತ್ತಿಯನ್ನು ‘ಅಪಾಯದ ಬ್ರಿತ್ವಾ’ ಎನ್ನುತ್ತಾರೆ.

“ಇದು ಜಿಲೆಟ್‌ನ ನಕಲು, ಬಟೋನೊ,” ಎಂದರು ಅವರು. ಬಟೋನೊ ಎಂಬುದು ಜಾರ್ಜಿಯನ್ನರು ಗೌರವದಿಂದ ಕರೆಯುವ ಪದ. “ಆದರೂ ನಮ್ಮ ತಂದೆ ಬದುಕಿರುವವರೆಗೆ ಇದರಲ್ಲೇ ಗಡ್ಡ ತೆಗೆದುಕೊಂಡರು. ಬೇರೆಯದು ಬೇಕು ಅನ್ನಲೇ ಇಲ್ಲ.” ಜಾರ್ಜಿಯದ ಹಣದಲ್ಲಿ ಹದಿನೈದು ‘ಲಾರಿ’ ಕೊಟ್ಟು ಕೊಂಡುಕೊಂಡೆ. ದಾರಿಯುದ್ದಕ್ಕೂ ‘ನಕಲು’ ಎಂಬ ಮಾತೇ ತಲೆಯಲ್ಲಿತ್ತು. ಯಾವ ಭಾಗದ ನಕಲು, ಎಷ್ಟರ ಮಟ್ಟಿಗೆ ನಕಲು ಎಂಬುದನ್ನು ಕಣ್ಣಳತೆಯಲ್ಲಿ ಹೇಳಲಾಗದು. ವರ್ನಿಯರ್ ಅಳತೆಗೋಲು ಇಟ್ಟು ನೋಡಬೇಕು.

ಅಕ್ಟೋಬರ್ 26

ಎರಡು ವಾರಗಳಲ್ಲಿ ನಾಲ್ಕು ರೇಜರ್‌ಗಳಾಗಿವೆ. ಹೋಲಿಸಿ ನೋಡಲು ಅಮೆರಿಕದ ಜಿಲೆಟ್ ಕಂಪನಿಯ ‘ಟೆಕ್’ ಎಂಬ ಮಾದರಿಯ ಒಂದು ರೇಜರ್ ಕೂಡ ಅದೇ ಸಂತೆಯಲ್ಲಿ ಸಿಕ್ಕಿದ್ದು ಈ ಕೆಲಸಕ್ಕೆ ದೊಡ್ಡ ಅನುಕೂಲವಾಯಿತು.

ಅಳೆಯುವ ಮೊದಲು ಮೂಲವನ್ನು ಸರಿಯಾಗಿ ತಿಳಿದುಕೊಳ್ಳಬೇಕಿತ್ತು. ಕಿಂಗ್ ಕ್ಯಾಂಪ್ ಜಿಲೆಟ್ ಅವರ ಕಂಪನಿ 1903ರಲ್ಲಿ ಮಾರಾಟ ಆರಂಭಿಸಿದಾಗ ಆ ವರ್ಷ ಹೋದದ್ದು 51 ರೇಜರ್‌ಗಳು ಮತ್ತು 168 ಬ್ಲೇಡುಗಳು ಮಾತ್ರ. ಪೇಟೆಂಟ್ ದೊರೆತದ್ದು 1904ರ ನವೆಂಬರ್ 15ರಂದು. ಅಂದಿನ ಅಮೆರಿಕದ ಕಾನೂನಿನಂತೆ ಅದರ ಅವಧಿ ಹದಿನೇಳು ವರ್ಷ. ಅಂದರೆ ಮೇಲ್ಮುಚ್ಚಳ, ತಳಫಲಕ, ಹಿಡಿ, ಇವುಗಳ ನಡುವೆ ಬಾಗಿ ಕೂರುವ ತೆಳು ಬ್ಲೇಡು ಎಂಬ ಮೂಲ ರಚನೆ 1921ರಲ್ಲಿಯೇ ಯಾರು ಬೇಕಾದರೂ ಮಾಡಬಹುದಾದ ಸಾರ್ವಜನಿಕ ಸ್ವತ್ತಾಗಿತ್ತು. ಸೋವಿಯತ್ ಕಾರ್ಖಾನೆಗಳು ಮಾತ್ರವಲ್ಲ, ಜರ್ಮನಿ, ಇಂಗ್ಲೆಂಡ್ ಮತ್ತು ನಮ್ಮ ದೇಶದ ಕಾರ್ಖಾನೆಗಳೂ ಇದೇ ರಚನೆಯನ್ನು ಬಳಸಿಕೊಂಡವು. ಮೂರು ಭಾಗದ ರೇಜರನ್ನು ಸೋವಿಯತ್ತಿನವರು ಮಾಡಿದರೆ ಮಾತ್ರ ಕದ್ದದ್ದು ಎನ್ನುವುದು ನ್ಯಾಯವಲ್ಲ. ಆನಂತರ ಬಂದ ರಚನೆಗಳ ಮಾತು ಬೇರೆ: ಹಿಡಿಯ ತುದಿಯನ್ನು ತಿರುಗಿಸಿದರೆ ಎರಡು ಬಾಗಿಲುಗಳು ತೆರೆದುಕೊಳ್ಳುವ ರೇಜರನ್ನು ಜಿಲೆಟ್ 1930ರ ದಶಕದಲ್ಲಿ ತಂದಿತು, ಬಾಚಣಿಗೆಯ ಹಲ್ಲುಗಳ ಬದಲು ಗಟ್ಟಿ ಪಟ್ಟಿಯಿರುವ ಟೆಕ್ ಆ ದಶಕದ ಕೊನೆಯಲ್ಲಿ ಬಂತು. ಕೈಗಾರಿಕಾ ಸ್ವತ್ತಿನ ರಕ್ಷಣೆಯ ಪ್ಯಾರಿಸ್ ಒಪ್ಪಂದಕ್ಕೆ ಸೋವಿಯತ್ ಒಕ್ಕೂಟ ಸೇರಿದ್ದು 1965ರಲ್ಲಿ. ಆದ್ದರಿಂದ ಕಾನೂನಿನ ಕಡೆಯಿಂದ ನೋಡಿದರೆ ಈ ಕಥೆಗೆ ಹಲವು ಮಡಿಕೆಗಳಿವೆ, ನನ್ನ ಆಸಕ್ತಿ ಇರುವುದು ಲೋಹದ ಕಡೆ.

ನವೆಂಬರ್ 9

ಈ ತಿಂಗಳು ಸಾಂದ್ರತೆಯ ಕೆಲಸ. ಲೇಪವಿರುವ ರೇಜರಿನ ಒಳಗೆ ಯಾವ ಲೋಹವಿದೆ ಎಂದು ನೋಡಲು ಅದನ್ನು ಕೆರೆಯುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಒಂದು ಗ್ರಾಂನ ನೂರನೆಯ ಒಂದು ಭಾಗವನ್ನು ತೋರಿಸುವ ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಭಾಗವನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದಂತೆ ನೀರಿನಲ್ಲಿ ಮುಳುಗಿಸಿದರೆ, ತಕ್ಕಡಿ ತೋರಿಸುವ ಗ್ರಾಂ ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕವಾಗಿರುತ್ತದೆ. ಭಾಗದ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಹಿತ್ತಾಳೆಯಾದರೆ 8.4ರ ಆಸುಪಾಸು, ಸತುವಿನ ಮಿಶ್ರಲೋಹವಾದರೆ 6.6ರ ಆಸುಪಾಸು, ಅಲ್ಯೂಮಿನಿಯಂ ಆದರೆ 2.7.

ಬಾಚಣಿಗೆ ಹಲ್ಲಿನ ಹಳೆಯ ರೇಜರಿನ ಮುಚ್ಚಳ 14.96 ಗ್ರಾಂ ತೂಗಿತು, 1.77 ಗ್ರಾಂ ನೀರು ಸರಿಸಿತು, ಉತ್ತರ 8.45, ಹಿತ್ತಾಳೆ. ನಂತರದ ಕಾಲದ್ದೆಂದು ತೋರುವ ಗಟ್ಟಿ ಪಟ್ಟಿಯ ತಳಫಲಕ 17.42 ಗ್ರಾಂ, ಸರಿಸಿದ ನೀರು 2.62 ಗ್ರಾಂ, ಉತ್ತರ 6.65. ಇದು ಸತು. ಸತು, ಅಲ್ಯೂಮಿನಿಯಂ, ತಾಮ್ರ ಎಂಬ ಮೂರು ಪದಗಳ ರಷ್ಯನ್ ಮೊದಲಕ್ಷರಗಳಿಂದ ‘ತ್ಸಾಮ್’ ಎಂದು ಕರೆಯುವ, ಪಶ್ಚಿಮದಲ್ಲಿ ಜಾಮಾಕ್ ಎನ್ನುವ ಎರಕದ ಲೋಹ.

ಅಲ್ಯೂಮಿನಿಯಂ ಹಿಡಿ ಮಾತ್ರ ಲೆಕ್ಕ ತಪ್ಪಿಸಿತು. 9.38 ಗ್ರಾಂ ತೂಕದ ಅದು 4.40 ಗ್ರಾಂ ನೀರು ಸರಿಸಿದ್ದರಿಂದ ಉತ್ತರ 2.13 ಬಂತು, ರೇಜರಿಗೆ ಬಳಸುವ ಯಾವ ಲೋಹಕ್ಕೂ ಹೊಂದದ ಅಂಕಿ. ಹಿಡಿ ಟೊಳ್ಳು, ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂಬುದು ಹೊಳೆಯಲು ಅರ್ಧ ಸಂಜೆ ಬೇಕಾಯಿತು. ಬಿಸಿನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಹಿಡಿಯನ್ನು ಅದರೊಳಗೆ ಅಲುಗಾಡಿಸಿ ಗುಳ್ಳೆಗಳನ್ನೆಲ್ಲ ಹೊರಗೆ ಬಿಟ್ಟ ಮೇಲೆ 3.49 ಗ್ರಾಂ ಬಂತು. 2.69. ಅಂಕಿ ತನ್ನ ಜಾಗಕ್ಕೆ ಬಂದು ಕೂತಾಗ ಆದ ಸಂತೋಷವನ್ನು ಅಳತೆಯ ಕೆಲಸ ಮಾಡಿದವರು ಬಲ್ಲರು.

ನವೆಂಬರ್ 17

ಒಂದು ನಷ್ಟವನ್ನು ಬರೆದಿಡಬೇಕು. ಮಂಕಾಗಿದ್ದ ಸತುವಿನ ತಳಫಲಕವೊಂದನ್ನು ನಿಂಬೆರಸದ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿದೆ. ಹಬ್ಬದ ಮುನ್ನಾದಿನ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳೆಯಿಸುವ ಮನೆಯಲ್ಲಿ ಬೆಳೆದವರಿಗೆ ಹುಳಿ ಎಂದರೆ ಲೋಹಕ್ಕೆ ಹಿತ ಎಂಬ ನಂಬಿಕೆ ಇರುತ್ತದೆ. ಹಿತ್ತಾಳೆಗೆ ಅದು ಸರಿ, ಸತುವನ್ನು ಹುಳಿ ತಿಂದುಹಾಕುತ್ತದೆ. ಲೇಪದ ಸೂಜಿಮೊನೆಯಷ್ಟು ತೂತುಗಳಿಂದ ಹುಳಿ ಒಳಗಿಳಿದು, ಲೇಪದ ಅಡಿಯ ಲೋಹವನ್ನು ಕರಗಿಸಿ, ಮೇಲ್ಮೈ ಗುಳ್ಳೆಗಟ್ಟಿ ಎದ್ದಿತು. ಆ ಭಾಗ ಇನ್ನು ಬಳಕೆಗೆ ಬಾರದು. ಇನ್ನು ಮುಂದೆ ಉಗುರುಬೆಚ್ಚಗಿನ ನೀರು, ಸೋಪು, ಹಲ್ಲುಜ್ಜುವ ಮೆದು ಬ್ರಷ್ ಇಷ್ಟೇ. ಸಾಂದ್ರತೆ ನೋಡದೆ ಯಾವುದನ್ನೂ ಬೇರೆ ದ್ರವಕ್ಕೆ ಮುಟ್ಟಿಸುವುದಿಲ್ಲ.

ಡಿಸೆಂಬರ್ 14

ಥ್ರೆಡ್, ಅಂದರೆ ತಿರುಪಿನ ಸುತ್ತುಗಳ ಅಳತೆ ಮುಗಿಯಿತು, ನಾನು ಕಾಯುತ್ತಿದ್ದ ಉತ್ತರ ಇಲ್ಲಿ ಸಿಕ್ಕಿತು ಎಂದುಕೊಂಡಿದ್ದೇನೆ.

ಟೆಕ್‌ನ ಮುಚ್ಚಳದಿಂದ ಕೆಳಗಿಳಿಯುವ ಮೊಳೆಯ ಥ್ರೆಡ್ ಅಮೆರಿಕದ ಇಂಚಿನ ಅಳತೆಯದು: ಹತ್ತನೆಯ ನಂಬರು, ಇಂಚಿಗೆ 32 ಸುತ್ತು. ಮಿಲಿಮೀಟರಿಗೆ ತಂದರೆ ವ್ಯಾಸ 4.83, ಒಂದು ಸುತ್ತಿನ ಅಂತರ 0.794. ಮೆಟ್ರಿಕ್ ಅಳತೆಯಲ್ಲಿ ಇದಕ್ಕೆ ತೀರ ಹತ್ತಿರದ್ದು ಎಂ5, ವ್ಯಾಸ 5 ಮತ್ತು ಅಂತರ 0.8. ಸುತ್ತುಗಳ ಅಂತರ ನೋಡುವ ಪಿಚ್ ಗೇಜಿನ ಎಲೆಗಳಿಂದ ಇವೆರಡನ್ನೂ ಬೇರೆ ಮಾಡಲಾಗದು, ಏಕೆಂದರೆ ಹತ್ತು ಸುತ್ತು ಎಣಿಸಿದರೂ ವ್ಯತ್ಯಾಸ 0.06 ಮಿಲಿಮೀಟರ್ ಅಷ್ಟೇ. ವ್ಯಾಸವೇ ಹೇಳಬೇಕು. ನನ್ನ ಟೆಕ್ ಮೊಳೆ 4.78 ತೋರಿಸಿತು. ನನ್ನಲ್ಲಿರುವ ಮೂರು ಸೋವಿಯತ್ ಮುಚ್ಚಳಗಳ ಮೊಳೆಗಳು 4.92ರಿಂದ 4.94.

ಕೈಯಲ್ಲಿ ತಿರುಗಿಸಿ ನೋಡಿದಾಗ ವಿಷಯ ಇನ್ನೂ ಸ್ಪಷ್ಟವಾಯಿತು. ಟೆಕ್‌ನ ಮುಚ್ಚಳ ಸೋವಿಯತ್ ಹಿಡಿಗೆ ಸರಾಗವಾಗಿ ಇಳಿಯುತ್ತದೆ, ಸ್ವಲ್ಪ ಸಡಿಲವಾಗಿ ಆಡುತ್ತದೆ. ಸೋವಿಯತ್ ಮುಚ್ಚಳ ಟೆಕ್‌ನ ಹಿಡಿಗೆ ಎರಡು ಸುತ್ತು ಹೋಗಿ ಬಿಗಿದು ನಿಲ್ಲುತ್ತದೆ. ಒತ್ತಾಯ ಮಾಡಿದರೆ ಹಿತ್ತಾಳೆಯ ಥ್ರೆಡ್ ಹಾಳಾಗುತ್ತದೆಂದು ಅಲ್ಲಿಗೇ ನಿಲ್ಲಿಸಿದೆ.

ಬೋಲ್ಷೆವಿಕ್ ಸರ್ಕಾರ ಮೆಟ್ರಿಕ್ ಪದ್ಧತಿಯ ಆಜ್ಞೆ ಹೊರಡಿಸಿದ್ದು 1918ರ ಸೆಪ್ಟೆಂಬರ್ 14ರಂದು. ಅದರ ಫಲವಾಗಿ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಇದ್ದ, ಥ್ರೆಡ್ ಕೊರೆಯುವ ಟ್ಯಾಪು, ಡೈ, ಅದನ್ನು ಅಳೆಯುವ ಗೇಜುಗಳೆಲ್ಲ ಮೆಟ್ರಿಕ್. ಅಲ್ಲಿನ ನಕ್ಷೆಗಾರ ವಿದೇಶಿ ರೇಜರನ್ನು ಮೇಜಿನ ಮೇಲಿಟ್ಟುಕೊಂಡು ತಲೆಯ ಬಾಗು, ಪಟ್ಟಿಯ ಇಳಿಜಾರು ಎಲ್ಲವನ್ನೂ ತೆಗೆದುಕೊಂಡಿರಬಹುದು. ಥ್ರೆಡ್‌ಗೆ ಬಂದಾಗ ತನ್ನ ಮನೆಯ ಅಳತೆಯನ್ನೇ ಬರೆದ. ಹಾಗೆಯೇ ಟೆಕ್‌ನ ತಳಫಲಕ ಹಿತ್ತಾಳೆ ತಗಡನ್ನು ಒತ್ತಿ ಮಾಡಿದ್ದು, ಅದೇ ಆಕಾರವನ್ನು ಹೋಲುವ ನನ್ನ ಸೋವಿಯತ್ ತಳಫಲಕ ಅಚ್ಚಿನಲ್ಲಿ ಎರಕ ಹೊಯ್ದ ಸತು. ಒತ್ತುವುದಕ್ಕೂ ಎರಕಕ್ಕೂ ಬೇಕಾದ ಉಪಕರಣ ಬೇರೆ, ಮೂಲೆಗಳ ದುಂಡು ಬೇರೆ, ದಪ್ಪ ಬೇರೆ, ಆದ್ದರಿಂದ ಬ್ಲೇಡು ಕೂರುವ ಬಗೆಯೂ ಕೊಂಚ ಬೇರೆ. ಯಾರೋ ಕುಳಿತು ಇದನ್ನೆಲ್ಲ ಮೊದಲಿನಿಂದ ಲೆಕ್ಕ ಹಾಕಿದ್ದಾರೆ. ಆ ಕೆಲಸವನ್ನು ‘ನಕಲು’ ಎಂಬ ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಜನವರಿ 18

ಕಾಲ ನಿರ್ಣಯದಲ್ಲಿ ಮೊದಲ ಗೆಲುವು. ಅಮೆರಿಕದ ಜಿಲೆಟ್ ರೇಜರ್‌ಗಳಲ್ಲಿ 1950ರ ದಶಕದಿಂದ ವರ್ಷಕ್ಕೊಂದು ಅಕ್ಷರ, ತ್ರೈಮಾಸಿಕಕ್ಕೊಂದು ಅಂಕಿ ಇರುತ್ತದೆ. ‘ಎ’ ಎಂದರೆ 1955, ‘ಇ’ ಎಂದರೆ 1959. ನನ್ನ ಸೋವಿಯತ್ ರೇಜರ್‌ಗಳಲ್ಲಿ ಅಂಥ ಗುರುತಿಲ್ಲ. ಆದರೆ ಆ ದೇಶದ ಆಡಳಿತವೇ ವಸ್ತುಗಳ ಮೇಲೆ ತನ್ನ ಇತಿಹಾಸವನ್ನು ಅಚ್ಚೊತ್ತುತ್ತಿತ್ತು. ಬೆಲೆಯನ್ನು ಸರ್ಕಾರವೇ ನಿಗದಿ ಮಾಡುತ್ತಿದ್ದುದರಿಂದ ಅದನ್ನು ಅನೇಕ ವಸ್ತುಗಳ ಮೇಲೆಯೇ ಒತ್ತುತ್ತಿದ್ದರು.

ಇಂದು ಸಿಕ್ಕ ಡಬ್ಬಿಯ ತಳದಲ್ಲಿ 7 ರೂಬಲ್ 20 ಕೊಪೆಕ್ ಎಂದಿದೆ. 1961ರ ಜನವರಿ 1ರಂದು ಹತ್ತು ಹಳೆಯ ರೂಬಲ್‌ಗಳಿಗೆ ಒಂದು ಹೊಸ ರೂಬಲ್ ಆಯಿತು. ಸಾಧಾರಣ ಅಲ್ಯೂಮಿನಿಯಂ ರೇಜರಿಗೆ ಏಳು ಹೊಸ ರೂಬಲ್ ಆಗಲು ಸಾಧ್ಯವೇ ಇಲ್ಲ, ಆದ್ದರಿಂದ ಇದು ಅದಕ್ಕಿಂತ ಹಿಂದಿನದು. ಒಳಗಿದ್ದ ಹಳದಿಯಾದ ಚೀಟಿಯಲ್ಲಿ ಕಾರ್ಖಾನೆ ಲೆನಿನ್‌ಗ್ರಾದಿನ ಸೊವ್ನಾರ್‌ಖೋಜ್‌ಗೆ ಸೇರಿದ್ದೆಂದು ಅಚ್ಚಾಗಿದೆ. ಕ್ರುಶ್ಚೇವ್ ಕಾಲದ ಈ ಪ್ರಾದೇಶಿಕ ಆರ್ಥಿಕ ಮಂಡಳಿಗಳು 1957ರಲ್ಲಿ ಹುಟ್ಟಿ 1965ರಲ್ಲಿ ರದ್ದಾದವು. ಎರಡನ್ನೂ ಒಟ್ಟಿಗಿಟ್ಟರೆ 1957ರಿಂದ 1960ರ ನಡುವಿನ ನಾಲ್ಕು ವರ್ಷಗಳೊಳಗೆ ರೇಜರ್ ಬಂದು ನಿಲ್ಲುತ್ತದೆ. ಚೀಟಿಯನ್ನು ಎಸೆಯದೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದ ಆ ಮನೆಯವರಿಗೆ ನಾನು ಋಣಿ.

ಇದೇ ಬಗೆಯ ಬೇರೆ ಸುಳಿವುಗಳನ್ನೂ ಗುರುತು ಹಾಕಿಕೊಂಡಿದ್ದೇನೆ. ಐದು ಮೂಲೆಯ ಸರ್ಕಾರಿ ಗುಣಮುದ್ರೆ ಇದ್ದರೆ ವಸ್ತು 1967ಕ್ಕಿಂತ ಹಳೆಯದಲ್ಲ. ಗೋಸ್ಟ್ ಎಂಬ ರಾಷ್ಟ್ರೀಯ ಮಾನಕದ ಸಂಖ್ಯೆಯ ಕೊನೆಯ ಅಡ್ಡಗೆರೆಯ ನಂತರದ ಎರಡಂಕಿ ಆ ಮಾನಕ ಅಂಗೀಕಾರವಾದ ವರ್ಷ, ವಸ್ತು ತಯಾರಾದ ವರ್ಷವಲ್ಲ. ಸಂತೆಯಲ್ಲಿ ಮಾರುವವರು ಇವೆರಡನ್ನೂ ಒಂದೇ ಎಂದು ಹೇಳುವುದುಂಟು. ಊರಿನ ಹೆಸರೂ ಉಪಯುಕ್ತ: ನಿಜ್ನಿ ನೊವ್‌ಗೊರೊದ್ 1932ರಿಂದ 1990ರವರೆಗೆ ಗೋರ್ಕಿ ಆಗಿತ್ತು.

ಫೆಬ್ರವರಿ 22

ಸದ್ಯದ ಲೆಕ್ಕ ಹದಿನಾಲ್ಕು. ಅಲ್ಯೂಮಿನಿಯಂನವು ಆರು, ಸತುವಿನ ತಲೆಯವು ನಾಲ್ಕು, ಹಿತ್ತಾಳೆಯದು ಒಂದು, ರಷ್ಯನ್ನರು ಕಾರ್ಬೊಲಿಟ್ ಎನ್ನುವ ಕಂದು ಪ್ಲಾಸ್ಟಿಕ್ಕಿನದು ಒಂದು, ಮತ್ತು ಅವರು ‘ಬಾಬೋಚ್ಕಾ’ ಅಂದರೆ ಚಿಟ್ಟೆ ಎಂದು ಕರೆಯುವ, ತುದಿ ತಿರುಗಿಸಿದರೆ ಬಾಗಿಲು ತೆರೆಯುವವು ಎರಡು. ಕಾರ್ಬೊಲಿಟ್ ರೇಜರನ್ನು ಬಿಸಿನೀರಿನಲ್ಲಿ ಹಿಡಿದರೆ ಫೀನಾಲ್ ಎಂಬ ರಾಸಾಯನಿಕದ ವಾಸನೆ ಬರುತ್ತದೆ, ಅದೇ ಅದರ ಪರೀಕ್ಷೆ. ಅದರ ಥ್ರೆಡ್ಡಿನ ಬುಡದಲ್ಲಿ ಕೂದಲೆಳೆಯ ಬಿರುಕಿರುವುದರಿಂದ ಅದನ್ನು ಬಿಗಿ ಮಾಡುವುದಿಲ್ಲ, ಬಿಸಿಲು ತಾಗದ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದೇನೆ.

ಚಿಟ್ಟೆಗಳಲ್ಲಿ ಒಂದರ ಬಾಗಿಲು ಎಡಗಡೆ ಪೂರ್ತಿ ಮುಚ್ಚುತ್ತಿರಲಿಲ್ಲ. ದಶಕಗಳ ಸೋಪು ಗಟ್ಟಿಯಾಗಿ ಕೀಲಿನಲ್ಲಿ ಕುಳಿತಿತ್ತು. ಮೂರು ರಾತ್ರಿ ಸೋಪಿನ ಬಿಸಿನೀರಿನಲ್ಲಿ ಬಿಟ್ಟು, ಬಿದಿರಿನ ಕಡ್ಡಿಯಿಂದ ಬಿಡಿಸಿ, ಒಂದು ಹನಿ ಖನಿಜತೈಲ ಹಾಕಿದ ಮೇಲೆ ಎರಡೂ ಬಾಗಿಲು ಒಟ್ಟಿಗೆ ಮುಚ್ಚುತ್ತಿವೆ. ‘ಸೂರ್ಯೋದಯ’ ಎಂಬ ಅರ್ಥದ ವೊಸ್ಖೋದ್ ಹೆಸರಿನ ಹೊಸ ಬ್ಲೇಡು ಹಾಕಿ ಇಂದು ಬೆಳಿಗ್ಗೆ ಅದರಲ್ಲಿಯೇ ಗಡ್ಡ ತೆಗೆದುಕೊಂಡೆ. ನನ್ನ ಟೆಕ್‌ಗಿಂತ ಇದರಲ್ಲಿ ಬ್ಲೇಡಿನ ಅಂಚು ತುಸು ಹೆಚ್ಚು ಹೊರಗಿದೆ. ಗಲ್ಲದ ಅಡಿಯಲ್ಲಿ ಕೈ ಹಗುರಾಗಿರಬೇಕು, ಕೆನ್ನೆಯ ಮೇಲೆ ಒಂದೇ ಸಲಕ್ಕೆ ನುಣುಪಾಗುತ್ತದೆ.

ಇನ್ನೂ ಸಿಗದಿರುವುದು ಹಿಡಿಯ ಮೇಲಿನ ಉಂಗುರ ತಿರುಗಿಸಿ ಬ್ಲೇಡಿನ ಸಂದನ್ನು ಹೆಚ್ಚುಕಡಿಮೆ ಮಾಡಬಹುದಾದ ರೇಜರ್. ಜಿಲೆಟ್ ಇಂಥದ್ದನ್ನು 1950ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ತಂದಿತು. ಉಂಗುರ ತಿರುಗಿದಂತೆ ತಳಫಲಕ ಏರಿಳಿಯುತ್ತದೆ, ಮೇಲ್ಮುಚ್ಚಳ ಅಲ್ಲಿಯೇ ಇರುತ್ತದೆ. ಇದನ್ನು ಹೋಲುವ ಒಂದು ಸೋವಿಯತ್ ರೇಜರ್ ತಮ್ಮ ಸೋದರಿಯ ಮನೆಯಲ್ಲಿದೆ ಎಂದು ಮೊದಲ ದಿನ ಭೇಟಿಯಾದ ಹಿರಿಯರು ಹೇಳಿದ್ದಾರೆ, ಬರುವ ಶನಿವಾರ ತರುತ್ತಾರಂತೆ. ಉಂಗುರದೊಳಗಿನ ಥ್ರೆಡ್ ಅಳೆಯಲು ಚಿಕ್ಕ ಪಿಚ್ ಗೇಜನ್ನೂ ಒಂದು ತುಂಡು ಮೇಣವನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.