ಮಡಿಕೇರಿಯಿಂದ ಹೊರಟರೆ ಮೊದಲು ಇಳಿಜಾರು

ಭಾನುವಾರ ಬೆಳಿಗ್ಗೆ ಹಾಸ್ಟೆಲ್ ಗೇಟಿನ ಹತ್ತಿರ ಐದಾರು ಸೈಕಲ್ ಸೇರುತ್ತಿದ್ದ ದಿನಗಳ ಬಗ್ಗೆ ಬರೆಯಿರಿ ಎಂದು ಸಂಪಾದಕ ಮಂಡಳಿ ಕೇಳಿದೆ. ಯಾರು ಎಲ್ಲಿ ಬಿದ್ದರು, ಯಾರು ಎಲ್ಲಿ ನಕ್ಕರು ಎಂಬುದು ನಮ್ಮ ನಮ್ಮಲ್ಲೇ ಇರಲಿ. ಆ ಮೂರು ವರ್ಷ ಕೊಡಗಿನ ರಸ್ತೆಗಳು ಕಲಿಸಿದ್ದನ್ನು ಈಗ ಅದೇ ಗೇಟಿನಿಂದ ಹೊರಡುವವರಿಗೆ ದಾಟಿಸಿದರೆ ಹೆಚ್ಚು ಉಪಯೋಗವಾದೀತು.

ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಊರಿನ ಎತ್ತರ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಮಾಂದಲ್‌ಪಟ್ಟಿಯಂಥ ಒಂದೆರಡು ಜಾಗ ಬಿಟ್ಟರೆ ನೋಡುವಂಥದ್ದೆಲ್ಲ ಕೆಳಗೇ ಇದೆ. ಹೊಳೆ ಕೆಳಗೆ, ಜಲಪಾತ ಕೆಳಗೆ, ಅಣೆಕಟ್ಟು ಇನ್ನೂ ಕೆಳಗೆ. ಬಯಲುಸೀಮೆಯಿಂದ ಬಂದ ಗೆಳೆಯರು ಮೊದಲ ವಾರ ಎಡವುವುದು ಇಲ್ಲೇ. ಹೋಗುವಾಗ ಕಾಲು ಆಡಿಸದೆ ಇಪ್ಪತ್ತು ಕಿಲೋಮೀಟರ್ ಉರುಳಿರುತ್ತದೆ, ‘ಇಷ್ಟೇನಾ’ ಅನ್ನಿಸಿರುತ್ತದೆ. ಅಸಲಿ ಪ್ರವಾಸ ಶುರುವಾಗುವುದು ಮಧ್ಯಾಹ್ನ ಊಟವಾದ ಮೇಲೆ, ಬಿಸಿಲಲ್ಲಿ, ಏರುಮುಖವಾಗಿ. ಆದ್ದರಿಂದ ನಮ್ಮ ಲೆಕ್ಕ ಸರಳವಾಗಿತ್ತು: ಹೋಗಲು ಒಂದು ಗಂಟೆ ಹಿಡಿದರೆ ಬರಲು ಎರಡು ಗಂಟೆ ಇಡು. ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಾಪಸಾತಿಗೆ ಉಳಿಸು.

ಅಬ್ಬಿ ಜಲಪಾತವನ್ನೇ ತೆಗೆದುಕೊಳ್ಳಿ. ಕೊಡವರ ಮಾತಿನಲ್ಲಿ ಅಬ್ಬಿ ಎಂದರೇ ಜಲಪಾತ. ಊರಿಂದ ಸುಮಾರು ಎಂಟು ಕಿಲೋಮೀಟರ್, ಕೊಡಗಿನ ಅರಸರ ಸಮಾಧಿಗಳಿರುವ ರಾಜರ ಗದ್ದಿಗೆ ದಾಟಿದ ಮೇಲೆ ಕಾಫಿ ತೋಟಗಳ ನಡುವೆ ಇಳಿಯುವ ಕಿರಿದಾದ ರಸ್ತೆ. ದೂರ ನೋಡಿ ಇದು ಹೊಸಬರಿಗೆ ಸರಿ ಅನ್ನುತ್ತಾರೆ. ನನ್ನ ಮಟ್ಟಿಗೆ ಇದು ಬ್ರೇಕು ಪಕ್ಕಾ ಇರುವವರಿಗೆ ಮಾತ್ರ. ತಿರುವಿನಾಚೆ ಪ್ರವಾಸಿ ಜೀಪು ಬರುತ್ತಿರುತ್ತದೆ, ನೆರಳಲ್ಲೇ ಇರುವ ರಸ್ತೆಯ ಅಂಚಿಗೆ ಪಾಚಿ ಹಿಡಿದಿರುತ್ತದೆ, ಅದರ ಮೇಲೆ ಸಿಲ್ವರ್ ಓಕಿನ ಎಲೆ ಹಾಸಿರುತ್ತದೆ. ಒದ್ದೆ ಎಲೆಯ ಮೇಲೆ ಹ್ಯಾಂಡಲ್ ತಿರುಗಿಸಿದರೂ ಜಾರುತ್ತದೆ, ಬ್ರೇಕ್ ಒತ್ತಿದರೂ ಜಾರುತ್ತದೆ. ಎಲೆ ಕಂಡ ಕೂಡಲೇ, ಅದಕ್ಕೆ ಮುಂಚೆಯೇ ವೇಗ ಇಳಿಸಿ, ಅದರ ಮೇಲೆ ಹಾಯುವಾಗ ಸೈಕಲ್ಲನ್ನು ನೆಟ್ಟಗೆ ಇಟ್ಟು ಸುಮ್ಮನೆ ದಾಟಬೇಕು.

ಬ್ರೇಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಉದ್ದ ಇಳಿಜಾರಿನಲ್ಲಿ ಭಯಕ್ಕೆ ಎರಡೂ ಲಿವರ್ ಹಿಡಿದುಕೊಂಡೇ ಇಳಿಯುವುದು ಎಲ್ಲರ ಅಭ್ಯಾಸ. ಹಾಗೆ ಹಿಡಿದರೆ ರಿಮ್ ಕಾಯುತ್ತದೆ, ಬ್ರೇಕ್ ಶೂ ರಬ್ಬರಿನ ಮೇಲ್ಮೈ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಳೆಯ ಪಂಚರಿಗೆ ಹಚ್ಚಿದ ಪ್ಯಾಚ್ ಆ ಬಿಸಿಗೆ ಬಿಟ್ಟುಕೊಳ್ಳುವುದೂ ಉಂಟು. ಸರಿಯಾದ ಕ್ರಮವೆಂದರೆ ನೇರ ರಸ್ತೆಯಲ್ಲಿ ಗಟ್ಟಿಯಾಗಿ ಎರಡು ಸೆಕೆಂಡ್ ಒತ್ತಿ ವೇಗ ಇಳಿಸಿ, ಬಿಟ್ಟು, ರಿಮ್ಮಿಗೆ ಗಾಳಿ ಕೊಟ್ಟು, ಮತ್ತೆ ಒತ್ತುವುದು. ತಿರುವಿಗೆ ಮುಂಚೆ ಒತ್ತಿ ಮುಗಿಸಬೇಕು, ತಿರುವಿನ ಒಳಗೆ ಒತ್ತಬಾರದು. ಹಿಂದಿನ ಬ್ರೇಕೊಂದನ್ನೇ ನಂಬಿದರೆ ಚಕ್ರ ಕಟ್ಟಿಕೊಂಡು ಜಾರುತ್ತದೆ. ಸೈಕಲ್ಲನ್ನು ನಿಜವಾಗಿ ನಿಲ್ಲಿಸುವುದು ಮುಂದಿನದು. ಅದನ್ನು ಒತ್ತುವಾಗ ಮೈಯನ್ನು ಸೀಟಿನ ಹಿಂಭಾಗಕ್ಕೆ ಸರಿಸಿಕೊಳ್ಳಿ.

ರಿಮ್ ಒದ್ದೆಯಾಗಿದ್ದರೆ ಇನ್ನೊಂದು ತೊಡಕು. ಲಿವರ್ ಒತ್ತಿದ ಮೊದಲ ಒಂದೆರಡು ಸುತ್ತಿನಲ್ಲಿ ರಬ್ಬರು ನೀರನ್ನಷ್ಟೇ ಒರೆಸುತ್ತದೆ, ಸೈಕಲ್ ನಿಧಾನವಾಗುವುದೇ ಇಲ್ಲ. ಮಂಜು ಮುಸುಕಿದ ಡಿಸೆಂಬರ್ ಬೆಳಿಗ್ಗೆ ಮಳೆಯೇ ಇಲ್ಲದಿದ್ದರೂ ಹೀಗಾಗುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮುಂಚೆಯೇ ಮೆಲ್ಲಗೆ ತಾಗಿಸಿ ಒರೆಸಿಕೊಂಡಿರಬೇಕು. ಹಳೆಯ ಕಾಲದ ರಾಡ್ ಬ್ರೇಕಿನ ಸೈಕಲ್ಲಿನಲ್ಲಿ, ಮಿನುಗುವ ಉಕ್ಕಿನ ರಿಮ್ಮಿನ ಮೇಲೆ, ಒದ್ದೆಯಲ್ಲಿ ಹಿಡಿತ ತೀರಾ ಕಡಿಮೆ. ಅಂಥ ಸೈಕಲ್ಲನ್ನು ಮಳೆಯ ದಿನ ಅಬ್ಬಿ ರಸ್ತೆಗೆ ಇಳಿಸಲೇಬೇಡಿ.

ಅದೇ ಹಳೆಯ ಸೈಕಲ್ಲಿನ ಇನ್ನೊಂದು ಕಷ್ಟ ಏರಿನಲ್ಲಿ. ಅದರ ಪೆಡಲ್ ಬಳಿಯ ಹಲ್ಲುಚಕ್ರಕ್ಕೆ ಸಾಮಾನ್ಯವಾಗಿ 44 ಹಲ್ಲು, ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಐದೂವರೆ ಮೀಟರಿನ ಹತ್ತಿರ ಮುಂದೆ ಹೋಗುತ್ತದೆ. ಸಮತಟ್ಟಿನಲ್ಲಿ ಇದು ಹಿತ, ಬೆಟ್ಟದಲ್ಲಿ ಮಂಡಿಗೆ ಶಿಕ್ಷೆ. ಮುಂದೆ 24, ಹಿಂದೆ 28 ಹಲ್ಲಿನ ಸಣ್ಣ ಗೇರಿದ್ದರೆ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಮಾತ್ರ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಗಂಟೆಗೆ ಆರು ಕಿಲೋಮೀಟರ್ ದಾಟುತ್ತದೆ, ಉಸಿರೂ ಉಳಿಯುತ್ತದೆ. ಗೇರ್ ಸೈಕಲ್ ಕೊಳ್ಳಲು ಆಗದವರು ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಾಯಿಸಿಕೊಳ್ಳಬಹುದು. ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸಬೇಕಾಗಬಹುದು, ಅಷ್ಟೆ. ಅದರಲ್ಲೂ ಆಗದ ಏರಿನಲ್ಲಿ ಇಳಿದು ತಳ್ಳುವುದರಲ್ಲಿ ನಾಚಿಕೆ ಏನೂ ಇಲ್ಲ. ನಿಂತು ಜಗ್ಗಿ ತುಳಿದು, ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಸಡಿಲ ಮಾಡಿಕೊಂಡರೆ ಮಿಕ್ಕ ದಾರಿಯಿಡೀ ಪೆಡಲ್ ‘ಟಕ್ ಟಕ್’ ಅನ್ನುತ್ತದೆ.

ಗೇರ್ ಇರುವವರು ಮಾಡುವ ತಪ್ಪು ಬೇರೆ. ಏರು ಹತ್ತಿ ಅರ್ಧ ಬಂದ ಮೇಲೆ, ಪೂರ್ತಿ ಭಾರ ಪೆಡಲ್ ಮೇಲಿರುವಾಗ ಗೇರ್ ಬದಲಾಯಿಸುತ್ತಾರೆ. ಚೈನ್ ಹಾರುತ್ತದೆ, ಕೆಲವೊಮ್ಮೆ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಏರು ಕಾಣಿಸಿದಾಗಲೇ ಬದಲಾಯಿಸಿ, ಆ ಒಂದು ಸುತ್ತು ಹಗುರವಾಗಿ ತುಳಿಯಿರಿ. ಸೀಟಿನ ಎತ್ತರವನ್ನೂ ನೋಡಿಕೊಳ್ಳಿ: ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಅದಕ್ಕಿಂತ ತಗ್ಗಾಗಿದ್ದರೆ ಸಂಜೆಯೊಳಗೆ ಮಂಡಿ ನೋಯುವುದು ಖಂಡಿತ. ಚೈನಿಗೆ ಮನೆಯ ತೆಂಗಿನೆಣ್ಣೆ ಬೇಡ. ಮಡಿಕೇರಿಯ ಚಳಿಗೆ ಅದು ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಚೈನಿನಲ್ಲೂ ಅದೇ ಗತಿ. ಹೊಲಿಗೆ ಯಂತ್ರದ ಎಣ್ಣೆ ಕೊಂಡಿಗೊಂದು ಹನಿ ಬಿಟ್ಟು, ಹಳೆ ಬಟ್ಟೆಯಲ್ಲಿ ಹೊರಗಿನದನ್ನು ಒರೆಸಿದರೆ ಸಾಕು.

ಹೊಸಬರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂದು ಕೇಳಿದರೆ ಕುಶಾಲನಗರದ ಸುತ್ತ ಅನ್ನುತ್ತೇನೆ. ಅಲ್ಲಿ ನೆಲ ಬಹುಮಟ್ಟಿಗೆ ಸಮ. ಕಾವೇರಿ ನಿಸರ್ಗಧಾಮ ಎರಡು ಮೂರು ಕಿಲೋಮೀಟರ್, ಹಾರಂಗಿ ಅಣೆಕಟ್ಟು ಸುಮಾರು ಒಂಬತ್ತು, ಸೇತುವೆ ದಾಟಿ ಮೈಸೂರು ಜಿಲ್ಲೆಗೆ ಕಾಲಿಟ್ಟರೆ ಬೈಲುಕುಪ್ಪೆಯ ಚಿನ್ನದ ದೇವಾಲಯವೂ ಹತ್ತಿರವೇ. ಮೂರನ್ನೂ ಒಂದೇ ದಿನ ಸುತ್ತಬಹುದು. ಮಡಿಕೇರಿಯವರಿಗೆ ಇರುವ ಕಷ್ಟ ಕುಶಾಲನಗರದಿಂದ ಮರಳಿ ಬರುವ ಮೂವತ್ತು ಕಿಲೋಮೀಟರ್. ಮುನ್ನೂರು ಮೀಟರಿಗಿಂತ ಹೆಚ್ಚು ಏರಬೇಕು, ಅದೂ ಹೆದ್ದಾರಿಯ ಲಾರಿ ಬಸ್ಸುಗಳ ನಡುವೆ. ಪಿಕಪ್ಪಿನವರನ್ನು ಮೊದಲೇ ಮಾತಾಡಿಸಿಟ್ಟುಕೊಂಡು ಸೈಕಲ್ ಹೇರಿ ತರುವುದೇ ಜಾಣತನ.

ಆ ಕಡೆಯ ಇನ್ನೊಂದು ಎಚ್ಚರಿಕೆ ಆನೆಯದು. ಸುಂಟಿಕೊಪ್ಪ ದಾಟಿದ ಮೇಲೆ ಸಿಗುವ ಆನೆಕಾಡು, ಗುಡ್ಡೆಹೊಸೂರಿನಿಂದ ದುಬಾರೆ, ಸಿದ್ದಾಪುರ ಕಡೆಗೆ ಹೋಗುವ ರಸ್ತೆ, ಇಲ್ಲೆಲ್ಲ ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟು ಸಂಜೆ ನಾಲ್ಕರೊಳಗೆ ದಾಟಿರಬೇಕು. ಸೈಕಲ್ಲಿಗೆ ಸದ್ದಿಲ್ಲ, ಅಪಾಯ ಇರುವುದೇ ಅದರಲ್ಲಿ. ಮೋಟಾರು ಬರುವುದು ಆನೆಗೆ ದೂರದಿಂದ ತಿಳಿಯುತ್ತದೆ, ಸೈಕಲ್ ಹತ್ತಿರ ಬಂದ ಮೇಲೆ ಗೊತ್ತಾಗಿ ಬೆಚ್ಚುತ್ತದೆ. ಆದ್ದರಿಂದ ಕುರುಡು ತಿರುವಿನಲ್ಲಿ ಮಾತಾಡುತ್ತಾ, ಬೆಲ್ ಹೊಡೆಯುತ್ತಾ ಹೋಗಿ. ಹಸಿ ಲದ್ದಿ, ಆಗಷ್ಟೇ ಮುರಿದ ಬೈನೆ ಮರ ಅಥವಾ ಬಿದಿರು ಕಂಡರೆ ನಿಲ್ಲಿ. ಆನೆಯೇ ಕಂಡಿತೋ, ಆಮೇಲೆ ಬೆಲ್ ಬೇಡ, ಫೋಟೋ ಬೇಡ. ಸೈಕಲ್ ತಿರುಗಿಸಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಬಸ್ಸು ಲಾರಿ ಬರುವ ತನಕ ಕಾಯಿರಿ.

ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇತ್ತು, ಅದನ್ನು ಯಾರೂ ಬಿಡಬಾರದು ಅಂತ ನನ್ನ ಆಸೆ. ಪಂಪು ಮತ್ತು ಪಂಚರ್ ಸಾಮಾನು ಯಾವಾಗಲೂ ಕೊನೆಯವರ ಬಳಿ ಇರಬೇಕು. ಪಂಚರ್ ಆದವರು ತಾವಾಗಿಯೇ ಹಿಂದೆ ಉಳಿಯುತ್ತಾರೆ. ಪಂಪು ಮುಂದಿನವರ ಹತ್ತಿರ ಇದ್ದರೆ ಅವರು ಅಷ್ಟರಲ್ಲಿ ಎರಡು ಬೆಟ್ಟ ದಾಟಿರುತ್ತಾರೆ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಇಳಿಜಾರಿನಲ್ಲಿ ಒಬ್ಬರಿಂದೊಬ್ಬರಿಗೆ ಇಪ್ಪತ್ತು ಮೂವತ್ತು ಮೀಟರ್ ಅಂತರ, ಏರಿನಲ್ಲಿ ಅವರವರ ವೇಗ, ಪ್ರತಿ ಕವಲಿನಲ್ಲಿ ಎಲ್ಲರೂ ಸೇರುವ ತನಕ ಕಾಯುವುದು.

ಪಂಚರ್ ಹಾಕುವುದು ಎಲ್ಲರಿಗೂ ಗೊತ್ತು ಅನ್ನಿಸುತ್ತದೆ, ಆದರೆ ಕೊಡಗಿನ ತೇವದಲ್ಲಿ ಅರ್ಧಕ್ಕರ್ಧ ಪ್ಯಾಚು ಏಳುತ್ತದೆ. ಕಾರಣ ಅವಸರ. ತೂತು ಸಿಕ್ಕ ಮೇಲೆ ಅದರ ಸುತ್ತ ಪೆನ್ನಿನಿಂದ ದೊಡ್ಡ ವೃತ್ತ ಹಾಕಿ. ಚಿಕ್ಕದಾಗಿ ಹಾಕಿದರೆ ಮರಳು ಕಾಗದ ಉಜ್ಜುವಾಗ ಗುರುತೇ ಅಳಿಸಿಹೋಗುತ್ತದೆ. ಟ್ಯೂಬಿನ ಹೊಳಪು ಹೋಗುವ ತನಕ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗಲು ಬಿಡಿ. ಬಯಲಲ್ಲಿ ಐದು ನಿಮಿಷ ಸಾಕಾದರೆ ಮಂಜಿನ ದಿನ ಹತ್ತು ನಿಮಿಷ ಬೇಕು. ಬೇಗ ಒಣಗಲಿ ಎಂದು ಬಾಯಿಂದ ಊದಬೇಡಿ, ಉಸಿರಿನ ತೇವ ಅದರ ಮೇಲೆ ಕೂರುತ್ತದೆ. ಪ್ಯಾಚನ್ನು ನಡುವಿನಿಂದ ಅಂಚಿಗೆ ಒತ್ತುತ್ತಾ ಹೋಗಿ. ಟ್ಯೂಬ್ ಒಳಗೆ ಹಾಕುವ ಮುಂಚೆ ಟೈರಿನ ಒಳಗೋಡೆಯ ಮೇಲೆ ಹತ್ತಿ ಬಟ್ಟೆ ಎಳೆದು ನೋಡಿ. ಮುಳ್ಳು ಉಳಿದಿದ್ದರೆ ಬಟ್ಟೆಯ ಎಳೆ ಅಲ್ಲಿ ಸಿಕ್ಕುತ್ತದೆ. ಬೆರಳಲ್ಲಿ ಹುಡುಕಿದರೆ ಬೆರಳೇ ಕುಯ್ದುಕೊಳ್ಳುತ್ತದೆ. ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಗುರುತಿನಂತೆ ಕಂಡರೆ ಅದು ಮುಳ್ಳಿನ ಕೆಲಸವಲ್ಲ. ಗಾಳಿ ಕಡಿಮೆ ಇದ್ದು ಗುಂಡಿಯ ಅಂಚಿಗೆ ಬಡಿದಾಗ ರಿಮ್ ಟ್ಯೂಬನ್ನು ಕಚ್ಚಿದೆ. ಒಮ್ಮೆ ತೆರೆದ ಸೊಲ್ಯೂಷನ್ ಟ್ಯೂಬು ಕೆಲವು ತಿಂಗಳಲ್ಲಿ ಒಳಗೇ ಒಣಗಿರುತ್ತದೆ. ಹೊರಡುವ ಹಿಂದಿನ ರಾತ್ರಿ ಹಿಸುಕಿ ನೋಡಿ. ಎಲ್ಲಕ್ಕಿಂತ ಒಳ್ಳೆಯದು ಒಂದು ಬದಲಿ ಟ್ಯೂಬ್ ಇಟ್ಟುಕೊಂಡು, ರಸ್ತೆಯಲ್ಲಿ ಅದನ್ನೇ ಹಾಕಿ, ಪ್ಯಾಚ್ ಕೆಲಸವನ್ನು ಹಾಸ್ಟೆಲ್ಲಿಗೆ ಬಂದು ನಿಧಾನವಾಗಿ ಮಾಡುವುದು.

ದೊಡ್ಡ ಪ್ರವಾಸ ಎಂದರೆ ತಲಕಾವೇರಿ. ಬೆಟ್ಟಗೇರಿ, ಚೇರಂಬಾಣೆ ಮೇಲೆ ಭಾಗಮಂಡಲ ಸುಮಾರು ನಲವತ್ತು ಕಿಲೋಮೀಟರ್, ಅಲ್ಲಿಂದ ತಲಕಾವೇರಿ ಎಂಟು. ತಲಕಾವೇರಿ 1276 ಮೀಟರ್ ಎತ್ತರದಲ್ಲಿದೆ. ಈ ಎಂಟು ಕಿಲೋಮೀಟರಿನಲ್ಲೇ ಸುಮಾರು ನಾನೂರು ಮೀಟರ್ ಏರಬೇಕು, ಅಂದರೆ ಸರಾಸರಿ ನೂರಕ್ಕೆ ಐದು. ಸಣ್ಣ ಗೇರಿನಲ್ಲಿ ಒಂದೂಕಾಲು ಗಂಟೆ. ಒಂದೇ ದಿನಕ್ಕೆ ಹೋಗಿ ಬರುತ್ತೇವೆ ಎನ್ನುವವರು ಬರುವಾಗ ಕತ್ತಲೆಗೆ ಸಿಕ್ಕುತ್ತಾರೆ. ಭಾಗಮಂಡಲದಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಸಾಮಾನನ್ನು ಅಲ್ಲೇ ಬಿಟ್ಟು ಬರಿ ಸೈಕಲ್ಲಿನಲ್ಲಿ ಹತ್ತಿ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ವಾರ ರಸ್ತೆ ತುಂಬ ಭಕ್ತರಿರುತ್ತಾರೆ, ಆಗ ಸೈಕಲ್ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆ ಮುಖ ಮಾಡುವುದೇ ಬೇಡ. ಭಾಗಮಂಡಲದ ತ್ರಿವೇಣಿ ಸಂಗಮ ಮಳೆಗಾಲದಲ್ಲಿ ಮುಳುಗುತ್ತದೆ. 2018ರ ಆಗಸ್ಟ್‌ನಲ್ಲಿ ಜಿಲ್ಲೆಯ ಎಷ್ಟೋ ರಸ್ತೆಗಳು ಕೊಚ್ಚಿಹೋದವು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟದ ಬದಿಯೇ ಜರಿಯಿತು. ಮಳೆ ನಿಂತ ಮೇಲೂ ಒಂದೆರಡು ವಾರ ರಸ್ತೆ ಬದಿಯ ಕಡಿದಾದ ಬರೆಯಿಂದ ಕೆಂಪು ಮಣ್ಣು ರಸ್ತೆಗೆ ಇಳಿಯುತ್ತಿರುತ್ತದೆ. ಒಣಗಿದಾಗ ಅದು ಪುಡಿ, ಒದ್ದೆಯಾದಾಗ ಸಾಬೂನು.

ತಿನ್ನುವುದಕ್ಕೆ ಅಕ್ಕಿ ರೊಟ್ಟಿ ಸುತ್ತಿಕೊಂಡು ಹೋದರೆ ಮಧ್ಯಾಹ್ನದ ತನಕ ಕೆಡುವುದಿಲ್ಲ. ಜೊತೆಗೆ ಕಡಲೆಮಿಠಾಯಿ, ಬಾಳೆಹಣ್ಣು. ಒಬ್ಬರಿಗೆ ಎರಡು ಲೀಟರ್ ನೀರು. ಅದರಲ್ಲಿ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಒಂದು ನಿಂಬೆಹಣ್ಣು. ತೊಡೆ ಹಿಡಿದುಕೊಳ್ಳುವ ಮುಂಚೆಯೇ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.

ಇನ್ನು ಕಾಫಿ ಹೂವಿನ ಸವಾರಿ. ವರ್ಷಕ್ಕೊಮ್ಮೆ ಸಿಗುವುದು ಇದು, ತಪ್ಪಿಸಿಕೊಳ್ಳಬೇಡಿ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ, ಅಂದರೆ ಕಾಫಿ ಗಿಡ ಹೂಬಿಡುವಂತೆ ಮಾಡುವ ಮಳೆ, ಚೆನ್ನಾಗಿ ಬಿದ್ದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನ ಹಾಗೇ ಇದ್ದು ಕಂದುತ್ತದೆ. ಭಾನುವಾರಕ್ಕೆ ಕಾದರೆ ಹೂ ಕಾಯುವುದಿಲ್ಲ. ಮೇಕೇರಿ, ಮೂರ್ನಾಡು ಕಡೆಯ ತೋಟದ ರಸ್ತೆ ಹಿಡಿದು ಬೆಳಿಗ್ಗೆ ಏಳಕ್ಕೇ ಅಲ್ಲಿರಿ. ಚಳಿಗೆ ಪರಿಮಳ ನೆಲಮಟ್ಟದಲ್ಲೇ ನಿಂತಿರುತ್ತದೆ, ಇಳಿಜಾರಿನಲ್ಲಿ ಮುಖಕ್ಕೆ ಬಡಿಯುತ್ತದೆ. ಬಿಸಿಲು ಏರಿದ ಮೇಲೆ ಜೇನ್ನೊಣಗಳ ಓಡಾಟ ಜೋರಾಗುತ್ತದೆ. ಆಗ ಕನ್ನಡಕ ಹಾಕಿ, ಬಾಯಿ ಮುಚ್ಚಿಕೊಂಡು, ನಿಧಾನವಾಗಿ ತುಳಿಯುತ್ತಾ ಊರಿನ ಏರು ಹಿಡಿಯಿರಿ.