ಯಾವ ಲಿನಕ್ಸ್ ಹಾಕಿಕೊಳ್ಳಲಿ?

ವೆಬ್ ಡೆವಲಪ್‌ಮೆಂಟ್ ಕಲಿಯಲು ಹೊರಟಿರುವ ಗೆಳೆಯನೊಬ್ಬ ಇವತ್ತು ವಿಂಡೋಸ್ ತರಹದ್ದೇ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ಬಗೆಗಳ ಒಂದು ಉದ್ದದ ಪಟ್ಟಿ ಕಳಿಸಿದ. ಆರ್ಚ್, ಡೆಬಿಯನ್, ಫೆಡೋರಾ, ಇನ್ನೂ ಏನೇನೋ. ಇದರಲ್ಲಿ ಯಾವುದು ಹಾಕಿಕೊಳ್ಳಲಿ ಅಂತ.

ಲಿನಕ್ಸ್ ಮಿಂಟ್ ಅಂದೆ. ಅಷ್ಟೇ.

ಅವನಿಗೆ ಸಮಾಧಾನ ಆಗಲಿಲ್ಲ. ಡೆವಲಪರ್‌ಗಳು ಅದನ್ನು ಬಳಸುತ್ತಾರಾ ಅಂತ ಅನುಮಾನ. ನೋಡಪ್ಪಾ, ಮಿಂಟ್ ನಿಂತಿರುವುದೇ ಉಬುಂಟು ಅನ್ನೋ ಇನ್ನೊಂದು ಲಿನಕ್ಸ್‌ನ ಎಲ್‌ಟಿಎಸ್ ಮೇಲೆ, ಅಂದರೆ ದೀರ್ಘಕಾಲ ಅಪ್‌ಡೇಟ್ ಸಿಗುವ ಆವೃತ್ತಿಯ ಮೇಲೆ. ಉಬುಂಟುಗೆ ಅಂತ ಬರೆದಿಟ್ಟ ಕಮಾಂಡ್‌ಗಳು ಬಹುಪಾಲು ಇದರಲ್ಲೂ ಹಾಗೇ ನಡೆಯುತ್ತವೆ. ಗಿಟ್, ನೋಡ್, ಪಿಎಚ್‌ಪಿಯಂಥ ವೆಬ್ ಕೆಲಸದ ಸಾಧನಗಳೆಲ್ಲಾ ಸಿಗುತ್ತವೆ. ಫೆಡೋರಾ ಕೂಡ ಚೆನ್ನಾಗಿದೆ, ಆದರೆ ಅದರ ಒಂದು ಆವೃತ್ತಿಗೆ ಸುಮಾರು 13 ತಿಂಗಳು ಮಾತ್ರ ಅಪ್‌ಡೇಟ್. ಎಲ್‌ಟಿಎಸ್‌ಗೆ 5 ವರ್ಷ. ಕಲಿಯುವವನಿಗೆ ಅಷ್ಟು ನೆಮ್ಮದಿ ಬೇಕು, ಅಲ್ವಾ?

ನನಗೆ ಲಿನಕ್ಸ್‌ನಲ್ಲಿ ತುಂಬಾ ಇಷ್ಟ ಅದರ ಒಂದು ಸಣ್ಣ ಹಟ. ಫೈಲಿನ ಹೆಸರಿನಲ್ಲಿ ದೊಡ್ಡಕ್ಷರದ ಎಲ್ ಬೇರೆ, ಸಣ್ಣಕ್ಷರದ ಎಲ್ ಬೇರೆ. ಫೈಲಿನ ಹೆಸರು Logo.png ಇದ್ದು, ಕೋಡ್‌ನಲ್ಲಿ logo.png ಅಂತ ಬರೆದಿದ್ದರೂ ವಿಂಡೋಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಅಂದುಕೊಂಡು ಸುಮ್ನೆ ಲೋಗೋ ತೋರಿಸಿಬಿಡುತ್ತದೆ. ಸೈಟು ಸರ್ವರ್‌ಗೆ ಹೋದ ಮೇಲೆ ಲೋಗೋ ಮಾಯ! ಯಾಕೆಂದರೆ ಅಲ್ಲಿ ಓಡುತ್ತಿರುವುದು ಹೆಚ್ಚಾಗಿ ಲಿನಕ್ಸೇ. ನಮ್ಮ ಕಂಪ್ಯೂಟರೂ ಅದೇ ಹಟ ಹಿಡಿದರೆ ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ. ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಇನ್ಸ್ಟಾಲ್ ಮಾಡಲು ಹೆದರಿಕೆಯಾದರೆ ಮೊದಲು ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ವೈಫೈ, ಸೌಂಡ್ ನೋಡಿಕೊಳ್ಳಬಹುದು. ಹಾರ್ಡ್ ಡಿಸ್ಕ್ ಮುಟ್ಟಬೇಕಿಲ್ಲ. ಲ್ಯಾಪ್‌ಟಾಪ್ ಹಳೆಯದಾ? ಮಿಂಟ್‌ನಲ್ಲೇ ಎಕ್ಸ್‌ಎಫ್‌ಸಿಇ ಅಂತ ಹಗುರವಾದ ಆವೃತ್ತಿ ಇದೆ.

ಆರ್ಚ್ ಎಲ್ಲಿಗೂ ಓಡಿಹೋಗುವುದಿಲ್ಲ, ನಿಧಾನವಾಗಿ ನೋಡಿದರಾಯಿತು.